ಗೋಧಿಯಿಲ್ಲದ ಏಳು ಡಬ್ಬಿ

ಮೂವತ್ತೊಂದು ವರ್ಷ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳಿಗೆ ಮೊಹರು ಹಾಕಿದ ಕೈ ಇದು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಕಟ್ಟು ದಾರಿಯಲ್ಲಿ ಬಿಚ್ಚಿಕೊಂಡಿತೆಂಬ ದೂರು ಬಂದಿಲ್ಲ. ಅಂಥ ಕೈಗೆ ಉಪ್ಪಿನ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಲು ಬರುವುದಿಲ್ಲವೆಂಬ ಅಪಖ್ಯಾತಿ ನಮ್ಮ ಮನೆಯಲ್ಲಿದೆ. ಈ ವಾಕ್ಯದಲ್ಲಿ ಕರ್ತೃ ನನ್ನ ಹೆಂಡತಿ, ಕರ್ಮ ನಾನು. ಕ್ರಿಯೆ ದಿನಕ್ಕೆ ಮೂರು ಬಾರಿ ನಡೆಯುತ್ತದೆ. (ನಿವೃತ್ತನಾಗಿ ಹನ್ನೆರಡು ವರ್ಷವಾದರೂ ವ್ಯಾಕರಣ ನನ್ನನ್ನು ಬಿಟ್ಟಿಲ್ಲ. ಓದುಗರು ಸಹಿಸಿಕೊಳ್ಳಬೇಕು.)

ನನ್ನ ಹೆಂಡತಿಯೂ ಸಾಮಾನ್ಯಳಲ್ಲ. ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯ ಹಿಂದೆ ಇಪ್ಪತ್ತೆಂಟು ವರ್ಷ ಕುಳಿತವಳು. ಯಾರು ಏನು ತಂದರೂ ಎರಡು ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, ಕನ್ನಡಕದ ಮೇಲಿಂದ ನೋಡಿ, "ಒಳಗೇನಿದೆ?" ಎಂದು ಕೇಳುವುದು ಅವಳ ವೃತ್ತಿಯಾಗಿತ್ತು. ಆ ಪ್ರಶ್ನೆಯನ್ನು ಅವಳು ಪಿಂಚಣಿಯ ಜೊತೆಗೆ ಮನೆಗೂ ತಂದಳು. ನಾನು ಅಂಗಡಿಯಿಂದ ಚೀಲ ಹಿಡಿದು ಬಂದರೆ "ಒಳಗೇನಿದೆ?" ಕಿಟಕಿಯ ಬಳಿ ಗಲ್ಲಕ್ಕೆ ಕೈಕೊಟ್ಟು ಗಹನವಾಗಿ ಯೋಚಿಸುತ್ತ ಕುಳಿತರೆ, ನನ್ನ ತಲೆಯನ್ನೇ ನೋಡಿ, "ಒಳಗೇನಿದೆ?"

ನಮ್ಮಿಬ್ಬರ ಸೈದ್ಧಾಂತಿಕ ಭೇದ ಇಷ್ಟೇ: ನಾನು ಚೀಟಿಯನ್ನು ನಂಬುತ್ತೇನೆ, ಅವಳು ವಸ್ತುವನ್ನು ನಂಬುತ್ತಾಳೆ. ನಿವೃತ್ತನಾದ ವರ್ಷವೇ ನಾನು ಅಡುಗೆಮನೆಯ ಸಕಲ ಡಬ್ಬಿಗಳಿಗೂ ಕೆಂಪು ಶಾಯಿಯಲ್ಲಿ ದುಂಡಾಗಿ ಹೆಸರು ಬರೆದು ಅಂಟಿಸಿದೆ. ಅವಳು ಅಂದು ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು. ತಿಂಗಳು ಕಳೆಯುವುದರೊಳಗೆ ‘ಸಕ್ಕರೆ’ಯೊಳಗೆ ಅಂಗಿಯ ಗುಂಡಿಗಳು ಸೇರಿಕೊಂಡವು, ‘ಮೆಣಸು’ ಎಂಬಲ್ಲಿ ಮೊಳೆಗಳು.

"ಏನೇ ಇದು? ಕಾಫಿಗೆ ಸಕ್ಕರೆ ಹಾಕೋಕೆ ಹೋದ್ರೆ ಗುಂಡಿ ಬಿತ್ತಲ್ಲೇ!"

"ಡಬ್ಬಿ ತೆಗೆದ ಮೇಲೆ ಒಳಗೆ ನೋಡ್ಬೇಕು ರೀ. ಹೊರಗೆ ಓದ್ಕೊಂಡು ನಿಲ್ಲೋದಲ್ಲ."

"ಹಾಗಾದ್ರೆ ಮನುಷ್ಯ ಅಕ್ಷರ ಯಾಕೆ ಕಂಡುಹಿಡಿದ?"

"ವಿಳಾಸ ಬರೆಯೋಕೆ. ಅದನ್ನಾದ್ರೂ ಎಲ್ಲಿ ಸರಿಯಾಗಿ ಬರೀತಾರೆ."

ಈ ಜಗಳ ಇಲ್ಲಿಗೆ ಇರಲಿ. ವಿಷಯಕ್ಕೆ ಬರುತ್ತೇನೆ.

ನನ್ನ ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು, ಐದು ಜನರ ಮನೆ ನಮ್ಮದು. ಮೊಮ್ಮಗಳಿಗೆ ಹನ್ನೊಂದು ವರ್ಷ. ನೆಲದ ಮೇಲಿರುವುದಕ್ಕಿಂತ ಈಜುಕೊಳದಲ್ಲಿರುವುದೇ ಹೆಚ್ಚಾದ್ದರಿಂದ ಎಲ್ಲರೂ ಅವಳನ್ನು ‘ಮೀನು’ ಎನ್ನುತ್ತೇವೆ. ಹೋದ ವರ್ಷ ವೈದ್ಯರು ಒಂದು ಆಜ್ಞೆ ಹೊರಡಿಸಿದರು. ಗೋಧಿಯಲ್ಲಿ ಗ್ಲುಟನ್ ಎಂಬ ಅಂಟಿನಂಥ ಪದಾರ್ಥವಿರುತ್ತದಂತೆ. ಅದು ಈ ಮಗುವಿನ ಕರುಳಿಗೆ ಆಗುವುದಿಲ್ಲವಂತೆ. ಬ್ರೆಡ್ಡು, ಬಿಸ್ಕತ್ತು, ಕೇಕು, ಎಲ್ಲಕ್ಕೂ ವಿದಾಯ. ಒಂದು ಚಿಟಿಕೆ ಹೋದರೂ ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಬೇಕು. ನನ್ನ ಸೊಸೆ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಕಣ್ಣಿಗೆ ಕಾಣದ್ದನ್ನು ಕಾಣುವುದೇ ಅವಳ ಉದ್ಯೋಗ. ಅಂಗಡಿಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆತಿರುತ್ತದೆ ಎಂದು ಅವಳು ಹೇಳಿದ ದಿನ ನಾನು ಇಂಗು ತಿಂದ ಮಂಗನಂತಾದೆ. (ಆ ಮಂಗನಿಗೂ ಬಹುಶಃ ಇದೇ ಕಾಯಿಲೆ ಇತ್ತು, ಗಾದೆ ಕಟ್ಟಿದವರು ವಿಚಾರಿಸಲಿಲ್ಲ.)

ಈಗ ನನ್ನ ಅಪರಾಧದ ಮಾತು. ಮೂರು ತಿಂಗಳ ಹಿಂದೆ, ಬೆಳಗಿನ ನಡಿಗೆಯ ಗೆಳೆಯರೊಬ್ಬರು ತಮ್ಮ ಹುಟ್ಟುಹಬ್ಬವೆಂದು ಎರಡು ಬಿಸ್ಕತ್ತು ಕೊಟ್ಟರು. ಒಂದನ್ನು ತಿಂದು ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಂಡೆ. ಮನೆಯ ಬಾಗಿಲಲ್ಲೇ ಮೀನು ಸಿಕ್ಕಿದಳು, ಈಜು ಮುಗಿಸಿ ಬಂದ ತೋಳನ ಹಸಿವಿನಲ್ಲಿ.

"ತಾತ, ಇದ್ರಲ್ಲಿ ಗೋಧಿ ಇಲ್ವಾ?"

"ಇದು ಬೆಣ್ಣೆ ಬಿಸ್ಕತ್ತು ಪುಟ್ಟಾ. ಹೆಸರೇ ಹೇಳುತ್ತಲ್ಲ, ಬೆಣ್ಣೇದು."

ಹೆಸರು ಸುಳ್ಳು ಹೇಳಿತ್ತು. ಮರುದಿನ ಬೆಳಿಗ್ಗೆ ಮಗು ಸುರುಟಿಕೊಂಡು ಮಲಗಿತು. ಆ ಭಾನುವಾರ ಅವಳು ವರ್ಷವಿಡೀ ಕಾದಿದ್ದ ಸ್ಪರ್ಧೆ ಇತ್ತು, ತಪ್ಪಿತು. ಸೊಸೆ ಎರಡು ದಿನ ಮನೆಯ ಒಂದೊಂದು ಪಾತ್ರೆಯನ್ನೂ ಮೂಸಿ ಮೂಸಿ ತೊಳೆದಳು, ಎಲ್ಲಿಂದ ಬಂತು ಗೋಧಿ ಎಂದು. ನಾನು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಮೂರನೆಯ ದಿನ ನನ್ನ ಹೆಂಡತಿ ಒಗೆಯಲೆಂದು ನನ್ನ ಅಂಗಿ ಎತ್ತಿ, ಅಭ್ಯಾಸಬಲದಿಂದ ಕಿವಿಯ ಬಳಿ ಅಲ್ಲಾಡಿಸಿ, "ಒಳಗೇನಿದೆ?" ಎಂದು ಜೇಬಿಗೆ ಕೈ ಹಾಕಿದಳು. ಬಿಸ್ಕತ್ತಿನ ಪುಡಿ ಬಂತು.

ಸೊಸೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಮಾವ, ಬಿಸ್ಕತ್ತು ಕೊಟ್ಟಿದ್ದಕ್ಕಲ್ಲ ನಂಗೆ ಬೇಜಾರು. ನಾನು ಎರಡು ದಿನ ಹುಡುಕ್ತಾ ಇದ್ದೆ. ನೀವು ನೋಡ್ತಾ ಸುಮ್ನೆ ಇದ್ರಲ್ಲ" ಎಂದಳು, ಅಷ್ಟೇ. ಅಂದಿನಿಂದ ಒಂದು ಅಲಿಖಿತ ನಿಯಮ ಜಾರಿಗೆ ಬಂತು. ನನ್ನ ಕೈಯಿಂದ ನೇರವಾಗಿ ಮಗುವಿನ ಬಾಯಿಗೆ ಏನೂ ಹೋಗಬಾರದು. ನಾನು ಒಂದು ಕಿತ್ತಳೆ ಹಣ್ಣು ಸುಲಿದು ಕೊಟ್ಟರೂ ಮೀನು ಮೊದಲು ಅಮ್ಮನ ಮುಖ ನೋಡುತ್ತಿದ್ದಳು. ಸಾವಿರಾರು ಮಕ್ಕಳು ನನ್ನನ್ನು ನಂಬಿ ಕಾಗುಣಿತ ಕಲಿತಿದ್ದಾರೆ. ನನ್ನ ಮೊಮ್ಮಗಳಿಗೆ ನನ್ನ ಕೈಯ ಕಿತ್ತಳೆಯ ಮೇಲೆ ನಂಬಿಕೆ ಇಲ್ಲ. ಆ ಒಂದು ನೋಟ ನನಗೆ ಮೂರು ತಿಂಗಳು ನಿದ್ದೆಯಲ್ಲೂ ಚುಚ್ಚಿತು.

ಹೀಗಿರುವಾಗ ಮತ್ತೊಂದು ಸ್ಪರ್ಧೆ ಬಂತು. ಕಾರಿನಲ್ಲಿ ಐದು ಗಂಟೆಯ ದಾರಿ, ಮಧ್ಯಾಹ್ನ ಎರಡಕ್ಕೆ ಈಜು. ದಾರಿಯಲ್ಲಿ ಅಂಗಡಿ ತಿಂಡಿ ಕೊಡುವ ಹಾಗಿಲ್ಲ. ಎಲ್ಲವನ್ನೂ ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು. ಊಟದ ಮೇಜಿನ ಸುತ್ತ ಈ ಚರ್ಚೆ ನಡೆಯುವಾಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ತಿಂಡಿಯ ಸಂಪೂರ್ಣ ಹೊಣೆ ನನ್ನದು" ಎಂದು ಘೋಷಿಸಿದೆ.

ಮಗ ಚಮಚ ಕೆಳಗಿಟ್ಟ. ಸೊಸೆ ನೀರಿನ ಲೋಟವನ್ನು ದಿಟ್ಟಿಸಿದಳು. ನನ್ನ ಹೆಂಡತಿ ಮಾತ್ರ, "ಮೂರು ತಿಂಗಳಿಂದ ಕೈದಿ, ಈಗ ಜೈಲರ್ ಆಗ್ತೀನಿ ಅಂತಾನೆ" ಎಂದು ಗೋಡೆಗೆ ಹೇಳಿದಳು.

ಆಗ ಮೀನು ಬಾಯಿಬಿಟ್ಟಳು. "ಅಮ್ಮ, ತಾತನೇ ಮಾಡ್ಲಿ. ಪಾಪ, ಒಂದು ಸಪ್ಲಿಮೆಂಟರಿ ಪರೀಕ್ಷೆ ಕೊಡೋಣ."

ನನ್ನ ಜೀವಮಾನದಲ್ಲಿ ಎಷ್ಟೋ ಮಕ್ಕಳನ್ನು ಫೇಲು ಮಾಡಿದ್ದೇನೆ. ಮರುಪರೀಕ್ಷೆ ಎಂಬುದು ಎಷ್ಟು ಸಿಹಿಯಾದ ಶಬ್ದವೆಂದು ಅಂದೇ ನನಗೆ ಗೊತ್ತಾದದ್ದು.

ತಯಾರಿಯನ್ನು ಏನೆಂದು ಬಣ್ಣಿಸಲಿ! ಭೂತಗನ್ನಡಿ ಹಿಡಿದು ಅಂಗಡಿಗೆ ಹೋದೆ. ಒಂದೊಂದು ಪೊಟ್ಟಣದ ಹಿಂದೆಯೂ ಇರುವೆ ಗಾತ್ರದ ಅಕ್ಷರಗಳಿರುತ್ತವೆ. ಅಷ್ಟನ್ನೂ ಓದಿದೆ, ಎರಡು ಕಡೆ ಅಚ್ಚಿನ ತಪ್ಪನ್ನೂ ಹಿಡಿದೆ. ಅಂಗಡಿಯವನು ಒಂದು ಗಂಟೆ ತಾಳ್ಮೆಯಿಂದಿದ್ದು, ಕೊನೆಗೆ, "ಸಾರ್, ಕೊಂಡ್ಕೊಳ್ತೀರೋ, ಇಲ್ಲೇ ಓದಿ ಮುಗಿಸ್ತೀರೋ?" ಎಂದು ಕೇಳಿದ. ಕೊಂಡೆ. ಅಕ್ಕಿಯ ಬಿಸ್ಕತ್ತು, ಹುರಿದ ಕಡಲೆ, ಖರ್ಜೂರ, ಒಣದ್ರಾಕ್ಷಿ, ಗೋಡಂಬಿ, ಆಲೂಗಡ್ಡೆಯ ಚಿಪ್ಸು. ಮನೆಗೆ ಬಂದು ಒಂದು ಪಾತ್ರೆ ಜೋಳದ ಅರಳನ್ನೂ ಸ್ವಹಸ್ತದಿಂದ ಹುರಿದೆ. (ಅರ್ಧ ಅರಳು ಪಾತ್ರೆಯಲ್ಲಿ, ಅರ್ಧ ದೀಪದ ಮೇಲೆ.)

"ನೋಡು ಮೀನು, ಇದೆಲ್ಲ ಸಂಧಿಕಾರ್ಯವೇ" ಎಂದು ಮೊಮ್ಮಗಳಿಗೆ ವಿವರಿಸಿದೆ. "ಗೋಧಿ ಹೋಯ್ತು, ಲೋಪ. ಅದರ ಜಾಗಕ್ಕೆ ಅಕ್ಕಿ ಬಂತು, ಆದೇಶ. ನಾವು ಎಚ್ಚರವಾಗಿರಬೇಕಾದ್ದು ಆಗಮದ ಬಗ್ಗೆ. ಎಲ್ಲಿಂದಲೋ ಕರೆಯದೆ ನುಸುಳಿಕೊಳ್ಳುತ್ತೆ."

"ಬಿಸ್ಕತ್ತಿನ ಹಾಗೆ" ಎಂದಳು ಮೀನು. ಮಕ್ಕಳಿಗೆ ಉದಾಹರಣೆ ಬೇಗ ಸಿಗುತ್ತದೆ.

ತಿಂಡಿ ಏಳು ಬಗೆ; ನನ್ನ ಬಳಿ ಇದ್ದದ್ದು ಆರು ಡಬ್ಬಿ. ಬೀರುವಿನ ಮೇಲೆ ಹೂವಿನ ಚಿತ್ರದ ಒಂದು ಸ್ಟೀಲ್ ಡಬ್ಬಿ ಕಂಡಿತು. ಅದರಲ್ಲಿ ಸೂಜಿ ದಾರ ಇದ್ದವು. ಅವನ್ನು ‘ಸಕ್ಕರೆ’ಗೆ ವರ್ಗಾಯಿಸಿ, ಡಬ್ಬಿಯನ್ನು ಕುದಿನೀರಿನಲ್ಲಿ ತೊಳೆದು ಗೋಡಂಬಿ ತುಂಬಿದೆ. ಆ ಡಬ್ಬಿಯ ಪೂರ್ವೇತಿಹಾಸ ಆಗ ನನ್ನ ನೆನಪಿಗೆ ಬರಲಿಲ್ಲ. ಬಂದಿದ್ದರೆ ಈ ಬರಹ ಇಷ್ಟು ಉದ್ದವಾಗುತ್ತಿರಲಿಲ್ಲ.

ಇನ್ನು ಉಳಿದದ್ದು ಮೊಹರು. ಹೊರಡುವ ಹಿಂದಿನ ದಿನ ಬೆಳಿಗ್ಗೆ, ಹೆಂಡತಿ ತರಕಾರಿಗೆ ಹೋದ ಹೊತ್ತು ನೋಡಿ ಅಡುಗೆಮನೆ ಹೊಕ್ಕೆ. ಪೇಟೆಯ ಅಂಟನ್ನು ನಾನು ಎಂದೂ ಮುಟ್ಟಿದವನಲ್ಲ. ಪರೀಕ್ಷಾ ಕೊಠಡಿಯ ಅಂಟನ್ನು ನಾನೇ ಕಾಯಿಸುತ್ತಿದ್ದೆ. ಈಗಲೂ ಕೈಗೆ ಆ ದಾರಿ ಗೊತ್ತು. ಮೂರನೆಯ ಸಾಲಿನ ಎಡತುದಿಯ ಡಬ್ಬಿ, ಒಂದು ಲೋಟ ನೀರು, ಎರಡು ಚಮಚ ಹಿಟ್ಟು, ಸಣ್ಣ ಉರಿ, ಒಂದೇ ದಿಕ್ಕಿಗೆ ತಿರುವುವುದು. ಈ ಸಲ ಯಾಕೋ ಸ್ವಲ್ಪ ನೀರಾಯಿತು. ವಯಸ್ಸಾದ ಮೇಲೆ ಎಲ್ಲವೂ ಸ್ವಲ್ಪ ನೀರಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ದಪ್ಪ ಕಾಗದ ಕತ್ತರಿಸಿ ಕೆಂಪು ಶಾಯಿಯಲ್ಲಿ ಬರೆದೆ: ‘ಗೋಧಿ ಇಲ್ಲ. ಪರೀಕ್ಷಿಸಲಾಗಿದೆ.’ ಕೆಳಗೆ ಸಹಿ, ದಿನಾಂಕ. ಡಬ್ಬಿಗೊಂದು ಚೀಟಿ, ಮುಚ್ಚಳಕ್ಕೂ ಮೈಗೂ ಸೇರಿಸಿ, ಒಡೆಯದೆ ತೆಗೆಯಲಾಗದಂತೆ, ಮೇಲೊಂದು ಪಟ್ಟಿ. ಏಳೂ ಡಬ್ಬಿಗಳು ಸಾಲಾಗಿ ನಿಂತಾಗ ಪರೀಕ್ಷಾ ಮಂಡಳಿಯೇ ಬಂದು ನಮಸ್ಕರಿಸುವಂತಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಕಾರು ಹೊರಟಿತು. ಮಗ ಸಾರಥಿ, ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಏಳು ಡಬ್ಬಿಗಳ ಚೀಲ. ಹಿಂದೆ ಮೂವರು ಮಹಿಳೆಯರು. ನನ್ನ ಹೆಂಡತಿಯ ಮಡಿಲಲ್ಲಿ ಬಿಳಿ ಬಟ್ಟೆಯ ಒಂದು ಗಂಟು ಇತ್ತು, ನಾಲ್ಕೂ ಕಡೆ ಪಾರ್ಸೆಲ್ಲಿನಂತೆ ಹೊಲಿದದ್ದು.

"ಒಳಗೇನಿದೆ?" ಎಂದು ನಾನೇ ಕೇಳಿದೆ. ಜನ್ಮಕ್ಕೊಂದು ಅವಕಾಶ, ಬಿಡುವುದುಂಟೆ?

"ಇರ್ಲಿ ಅಂತ ಏನೋ ತಂದಿದ್ದೀನಿ."

"ನನ್ನ ಮೇಲೆ ನಂಬಿಕೆ ಇಲ್ಲ ಅನ್ನು."

"ನಿಮ್ಮ ಮೇಲೆ ನಂಬಿಕೆ ಇದೆ ರೀ. ನಿಮ್ಮ ಕೆಲಸದ ಮೇಲೆ ಇಲ್ಲ."

"ಅದ್ರ ಮೇಲೆ ಚೀಟಿ ಎಲ್ಲಿ? ದಿನಾಂಕ ಎಲ್ಲಿ? ಯಾರು ಪರೀಕ್ಷಿಸಿದ್ರು?"

"ಅಪ್ಪ, ಅಮ್ಮ, ಸಿಗ್ನಲ್ ದಾಟೋವರೆಗಾದ್ರೂ ಸುಮ್ನಿರಿ" ಎಂದ ಮಗ.

ಊರು ದಾಟುವುದರೊಳಗೆ ಒಂದು ಚೀಟಿ ಕಳಚಿ ನನ್ನ ಕಾಲಬುಡಕ್ಕೆ ಬಿತ್ತು. ಯಾರೂ ನೋಡಲಿಲ್ಲವೆಂದು ನಾನಂದುಕೊಂಡೆ. ಕಾಲಿನಿಂದ ಸೀಟಿನಡಿಗೆ ತಳ್ಳಿದೆ.

ಒಂಬತ್ತು ಗಂಟೆಗೆ ಪೆಟ್ರೋಲ್ ಬಂಕೊಂದರಲ್ಲಿ ಕಾರು ನಿಂತಿತು. ಮಗ ಪೆಟ್ರೋಲ್ ಹಾಕಿಸಲು ಇಳಿದ. ಹೆಂಡತಿ ಕೈಕಾಲು ತೊಳೆದು ಬರುತ್ತೇನೆಂದು ಹಿಂಭಾಗಕ್ಕೆ ಹೋದಳು. ಆಮೇಲೆ ಮಗ ಕಾರನ್ನು ಪಕ್ಕಕ್ಕೆ ಹಚ್ಚಿ ಹಣ ಕೊಡಲು ಹೋದ. ನೆರಳಿನ ಕಟ್ಟೆಯ ಮೇಲೆ ನಾನು ಏಳು ಡಬ್ಬಿಗಳನ್ನು ಸಾಲಾಗಿ ಜೋಡಿಸಿದೆ. ಸೊಸೆ ನೋಡುತ್ತ ನಿಂತಳು. ಅವಳ ಮುಖದಲ್ಲಿ, ಸುಳ್ಳೇಕೆ ಹೇಳಲಿ, ಒಂದು ನಗೆ ಮೂಡುತ್ತಿತ್ತು.

"ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ ಮಾವ! ನಮ್ಮ ಲ್ಯಾಬಲ್ಲೂ ಹೀಗೆ ಮಾಡಲ್ಲ."

ಮೂರು ತಿಂಗಳ ಬರಗಾಲದ ಮೇಲೆ ಬಿದ್ದ ಮೊದಲ ಹನಿ ಅದು. ನಾನು ಅರಳಿದೆ. ಮೀನು ಅಕ್ಕಿ ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡು ಮೊಹರು ಹರಿದಳು. ಒಣಗಿದ ಅಂಟು ಬಿಳಿ ಬಿಳಿ ಪುಡಿಯಾಗಿ ಮುಚ್ಚಳದಿಂದ ಉದುರಿ ಬಿಸ್ಕತ್ತಿನ ಮೇಲೆ ಬಿತ್ತು.

"ತಾತ, ನಿಮ್ಮ ಅಂಟು ಉದುರ್ತಿದೆ. ಇದನ್ನ ಯಾವುದ್ರಿಂದ ಮಾಡಿದ್ದು?"

ಗುರುವಿಗೆ ಶಿಷ್ಯೆ ವಿದ್ಯಾರಹಸ್ಯವನ್ನೇ ಕೇಳಿದಾಗ ಯಾವ ಗುರು ಸುಮ್ಮನಿದ್ದಾನು? ಎದೆಯುಬ್ಬಿಸಿ ಹೇಳತೊಡಗಿದೆ. "ಅದಾ? ಅದು ಮೂವತ್ತೊಂದು ವರ್ಷದ ಸೂತ್ರ ಪುಟ್ಟಾ. ಬರಕೋ. ಒಂದು ಲೋಟ ನೀರು, ಎರಡು ಚಮಚ ಮೈ..."

ಮಾತು ಅಲ್ಲೇ ನಿಂತಿತು.

ಮೈದಾ. ಗೋಧಿಯ ಹೊಟ್ಟೆಯೊಳಗಿಂದ ತೆಗೆದ, ಗೋಧಿಯ ಅಪ್ಪನಂಥ ಮೈದಾ. ಕೆಂಪು ಶಾಯಿಯಲ್ಲಿ ದುಂಡಾಗಿ ನಾನೇ ಬರೆದ ‘ಮೈದಾ’. ಗೋಧಿ ಇಲ್ಲವೆಂದು ಸಾರುವ ಚೀಟಿಯನ್ನು ಗೋಧಿಯಿಂದಲೇ ಅಂಟಿಸಿದ್ದೆ! ತಿಂಡಿ ಎಂದರೆ ತಿಂಡಿ, ಅಂಟು ಎಂದರೆ ಲೇಖನ ಸಾಮಗ್ರಿ. ನನ್ನ ತಲೆಯಲ್ಲಿ ಅವೆರಡೂ ಬೇರೆ ಬೇರೆ ಕಪಾಟಿನಲ್ಲಿದ್ದವು. ಒಂದರ ಬಾಗಿಲು ತೆರೆದಾಗ ಇನ್ನೊಂದರದು ಮುಚ್ಚಿತ್ತು.

"ಮೈ ಅಂದ್ರೆ ಏನು ತಾತ?" ಎನ್ನುತ್ತ ಮೀನು ಪುಡಿ ಹತ್ತಿದ ಬೆರಳಿನಿಂದಲೇ ಬಿಸ್ಕತ್ತೊಂದನ್ನು ಎತ್ತಿದಳು.

ಆ ಒಂದು ಕ್ಷಣದಲ್ಲಿ ಎಷ್ಟು ಉಪಾಯಗಳು ಹೊಳೆದವು, ಹೇಳಲು ನಾಚಿಕೆಯಾಗುತ್ತದೆ. ಕೈ ಜಾರಿದಂತೆ ಡಬ್ಬಿ ಬೀಳಿಸಬಹುದು. ಕಾಗೆ ಬಂತೆಂದು ಕೂಗಬಹುದು. ಯಾರಿಗೂ ಗೊತ್ತಾಗುವುದಿಲ್ಲ, ಸೊಸೆಯ ಮುಖದ ಆ ನಗೆ ಹಾಗೆಯೇ ಉಳಿಯುತ್ತದೆ. ಆದರೆ ಇನ್ನೂ ಆರು ಡಬ್ಬಿಗಳಿದ್ದವು. ಆರು ಸಲ ಕಾಗೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪಾತ್ರೆ ಮೂಸಿ ಮೂಸಿ ತೊಳೆಯುತ್ತಿದ್ದ ಆ ಹೆಣ್ಣುಮಗಳ ಬೆನ್ನು ಕಣ್ಣಿಗೆ ಬಂತು.

"ತಿನ್ಬೇಡ!" ಎಂದು ಕಿರುಚಿ ಬಿಸ್ಕತ್ತನ್ನು ಕಿತ್ತುಕೊಂಡೆ. ಪೆಟ್ರೋಲ್ ಹಾಕುತ್ತಿದ್ದವನೂ ತಿರುಗಿ ನೋಡಿದ. "ಅಮ್ಮಾ, ಇವಳ ಕೈ ತೊಳಿ. ಮೊದ್ಲು ಕೈ ತೊಳಿ. ಅದು ಮೈದಾ ಅಂಟು. ಏಳಕ್ಕೂ ಅದನ್ನೇ ಹಾಕಿದ್ದೀನಿ. ನಾನೇ. ನನಗೆ... ನನಗೆ ಹೊಳೀಲೇ ಇಲ್ಲ."

ಸೊಸೆ ಬಾಟಲಿಯ ನೀರು ಸುರಿದು ಮಗಳ ಎರಡೂ ಕೈ ತೊಳೆದಳು. "ಬಾಯಿಗೆ ಹೋಯ್ತಾ?" "ಇಲ್ಲಮ್ಮ." "ನಿಜವಾಗ್ಲೂ?" "ತಾತ ಬಿಟ್ರೆ ತಾನೇ!" ಸೊಸೆ ದೀರ್ಘವಾಗಿ ಉಸಿರು ಬಿಟ್ಟಳು. ನಾನು ತಲೆ ತಗ್ಗಿಸಿ, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನಂತೆ ನಿಂತಿದ್ದೆ.

ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಡಬ್ಬಿಗಳು ಕಣ್ಣೆದುರು ಇರಬಾರದು ಎನಿಸಿತು. ಏಳನ್ನೂ ಚೀಲಕ್ಕೆ ತುಂಬಿಕೊಂಡು, ಆಚೆ ಎಂಜಿನ್ ಚಾಲೂ ಮಾಡಿ ಹೊರಡಲಿದ್ದ ಒಂದು ಲಾರಿಯತ್ತ ಓಡಿದೆ.

"ತಗೊಳ್ಳಪ್ಪಾ. ದಾರಿಗೆ ತಿಂಡಿ."

ಚಾಲಕ ಕಿಟಕಿಯಿಂದ ಬಗ್ಗಿ ನನ್ನನ್ನೂ ಚೀಲವನ್ನೂ ನೋಡಿದ. "ಯಾಕ್ ಸಾರ್, ಹಳಸಿದೆಯಾ?"

"ಇಲ್ಲಪ್ಪಾ, ತಾಜಾ. ನಿನಗೆ ಗೋಧಿ ಆಗುತ್ತೆ ತಾನೇ?"

"ಗೋಧಿ, ಅಕ್ಕಿ, ಕಬ್ಬಿಣ, ಎಲ್ಲಾ ಆಗುತ್ತೆ. ಆದ್ರೆ ಇದ್ರ ಮೇಲೆ ‘ಗೋಧಿ ಇಲ್ಲ’ ಅಂತ ಬರ್ದಿದೆಯಲ್ಲ?"

"ಬರೆದಿದೆ. ಆದ್ರೆ ಇದೆ."

"ಯಾರು ಬರ್ದಿದ್ದು?"

"ನಾನೇ."

ಅವನು ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ. ಹಿರಿಯರನ್ನು ಹೆಚ್ಚು ಕೆದಕಬಾರದು ಎಂದು ಯಾರೋ ಅವನಿಗೆ ಚೆನ್ನಾಗಿ ಕಲಿಸಿರಬೇಕು. "ಆಯ್ತು ಬಿಡಿ ಸಾರ್" ಎಂದು ಚೀಲ ತೆಗೆದುಕೊಂಡ. ಲಾರಿ ಹೊಗೆ ಬಿಟ್ಟು ಹೆದ್ದಾರಿ ಸೇರಿತು.

ತಿರುಗಿದರೆ ನನ್ನ ಹೆಂಡತಿ, ಮುಖ ಒರೆಸಿಕೊಳ್ಳುತ್ತ ಬರುತ್ತಿದ್ದಾಳೆ. ಖಾಲಿ ಕಟ್ಟೆ ನೋಡಿದಳು. "ಎಲ್ಲಿ ರೀ ಡಬ್ಬಿ?"

ಎಲ್ಲವನ್ನೂ ಹೇಳಿದೆ. ಅಲ್ಪವಿರಾಮವನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನೆರಳಿನ ಕಟ್ಟೆಯ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಮೂರನೇ ಸಾಲಿನ ಎಡತುದಿ ಡಬ್ಬಿ ತಾನೇ?"

"ಹೌದು. ಮೈದಾ."

"ಮೈದಾ ಅಂತ ಮೇಲೆ ಬರ್ದಿದೆ. ಒಳಗಿರೋದು ಅಕ್ಕಿ ಹಿಟ್ಟು ರೀ! ಆ ಬಿಸ್ಕತ್ತಿನ ರಾಮಾಯಣ ಆದ ದಿನವೇ ಮನೇಲಿದ್ದ ಗೋಧಿ, ಮೈದಾ ಎಲ್ಲ ಕೊಟ್ಟು, ಡಬ್ಬಿ ಕುದಿಸಿ ತೊಳೆದು ಅಕ್ಕಿ ಹಿಟ್ಟು ತುಂಬಿದ್ದೀನಿ. ನಿಮಗೆ ಹೇಳಿದ್ದೆ ಕೂಡ. ನೀವು ಪದಬಂಧ ಮಾಡ್ತಾ ‘ಹೂಂ’ ಅಂದ್ರಿ."

ನನಗೆ ಆ ಮಾತಿನ ನೆನಪೇ ಇರಲಿಲ್ಲ. ಕಿವಿ ಅಲ್ಲೇ ಇದ್ದಿರಬೇಕು, ಹಾಜರಿ ಹಾಕಿರಲಿಲ್ಲ.

ಅಂಟು ನೀರಾದದ್ದೇಕೆ, ಚೀಟಿ ಕಳಚಿದ್ದೇಕೆ, ಎಲ್ಲ ಒಟ್ಟಿಗೆ ಅರ್ಥವಾಯಿತು. ಏಳು ಡಬ್ಬಿಗಳೂ ನಿಷ್ಕಳಂಕವಾಗಿದ್ದವು. ಅವೆಲ್ಲವೂ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಿದ್ದವು. ಆದರೂ ಹೇಳುತ್ತೇನೆ, ಎದೆಯ ಮೇಲಿನ ಬಂಡೆ ಉರುಳಿ ಬಿತ್ತು. ಮಗುವಿನ ಬಾಯಿಗೆ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ! ನಾನೂ ನಕ್ಕೆ. ಸೊಸೆಯೂ ನಕ್ಕಳು. ಏನೆಂದು ತಿಳಿಯದೆ ಬಂದ ಮಗನೂ ನಕ್ಕ.

ನನ್ನ ಹೆಂಡತಿಯ ನಗು ಮಾತ್ರ ಮಧ್ಯದಲ್ಲೇ ನಿಂತಿತು. "ರೀ, ಕಾರಿನಲ್ಲಿ ಚೀಲದ ಸಂದಿಯಿಂದ ಹೂವಿನ ಚಿತ್ರದ ಡಬ್ಬಿ ಕಂಡ ಹಾಗಾಯ್ತು. ಅದು..."

"ಅದೂ ಹೋಯ್ತು" ಎಂದೆ, ಬಹಳ ಸಣ್ಣ ದನಿಯಲ್ಲಿ.

ಅದು ಅವಳು ನಿವೃತ್ತಳಾದ ದಿನ ಪಾರ್ಸೆಲ್ ವಿಭಾಗದವರೆಲ್ಲ ಸೇರಿ ಕೊಟ್ಟ ಡಬ್ಬಿ. ಆಗ ನೆನಪಾಯಿತು. ಲಾರಿ ಹೋದ ದಿಕ್ಕನ್ನು ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನಾನು ಸಕಲ ದೇವತೆಗಳನ್ನೂ ನೆನೆದೆ.

"ಹೋಗ್ಲಿ ಬಿಡಿ" ಎಂದಳು ಕೊನೆಗೆ. "ಇಪ್ಪತ್ತೆಂಟು ವರ್ಷ ಊರವರ ಪಾರ್ಸೆಲ್ ಕಳಿಸ್ದೆ. ನನ್ನದೊಂದು ವಿಳಾಸ ಇಲ್ದೆ ಹೋಯ್ತು. ಈಗ ಮಗೂಗೆ ಹಸಿವು. ಆ ಗಂಟು ತಗೊಂಬನ್ನಿ."

ಹೊಲಿಗೆ ಬಿಚ್ಚಲು ನನ್ನ ಕೀಲಿಕೈ, ಮಗನ ಹಲ್ಲು, ಸೊಸೆಯ ತಲೆಪಿನ್ನು ಮೂರೂ ಬೇಕಾದವು. ಒಳಗೆ ಬಾಳೆಹಣ್ಣು, ಕಿತ್ತಳೆ, ಸಿಪ್ಪೆಯ ಸಮೇತ ಬೇಯಿಸಿದ ಆಲೂಗಡ್ಡೆ, ಸಿಪ್ಪೆ ಬಿಡಿಸದ ಕಡಲೆಕಾಯಿ.

"ಎಲ್ಲಾ ಸಿಪ್ಪೆ ಇರೋದೇ ತಂದಿದ್ದೀಯಲ್ಲೇ" ಎಂದೆ.

"ಹೂಂ. ದೇವರೇ ಕಟ್ಟಿ, ಅವನೇ ಮೊಹರು ಹಾಕಿದ್ದು. ಚೀಟಿ ಬೇಕಾಗಿಲ್ಲ."

ಅಷ್ಟರಲ್ಲಿ ಸೊಸೆ ಒಂದು ಕಿತ್ತಳೆ ಎತ್ತಿ ನನ್ನ ಕೈಯಲ್ಲಿಟ್ಟಳು.

"ಮಾವ, ಇದನ್ನ ನೀವೇ ಸುಲಿದು ಅವಳಿಗೆ ಕೊಡಿ."

"ನಾನಾ?"

"ಈ ಸಲ ತಕ್ಷಣ ಹೇಳಿದ್ರಲ್ಲ. ಅಷ್ಟು ಸಾಕು ನಂಗೆ."

ಸುಲಿದೆ. ಕಣ್ಣು ಯಾಕೋ ಉರಿಯಿತು. (ಕಿತ್ತಳೆ ಸಿಪ್ಪೆಯ ರಸ ಹಾರಿದರೆ ಹಾಗಾಗುತ್ತದೆ.) ಮೀನು ತೊಳೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಮ್ಮನ ಮುಖ ನೋಡಲಿಲ್ಲ.

ಮುಂದಿನ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಗಳು ಏನೋ ಗುಸುಗುಸು ಮಾಡುತ್ತ ಕಿಸಕ್ಕನೆ ನಗುತ್ತಿದ್ದರು. ಒಮ್ಮೆ ಪೆನ್ನು ಕೇಳಿದರು, ಕೊಟ್ಟೆ. ಮನೆಯಲ್ಲಿ ಶಾಂತಿ ನೆಲಸಿತೆಂದು ಸಂತೋಷಪಟ್ಟೆ.

ಮಧ್ಯಾಹ್ನ ಮೀನು ಇನ್ನೂರು ಮೀಟರ್ ಈಜಿದಳು. ನಾಲ್ಕನೆಯವಳಾಗಿ ಬಂದಳು. ಪದಕ ಮೂವರಿಗೆ ಮಾತ್ರ. ಆದರೆ ತನ್ನದೇ ಹಳೆಯ ಸಮಯಕ್ಕಿಂತ ಎರಡು ಸೆಕೆಂಡು ಬೇಗ ಮು‍ಟ್ಟಿದ್ದಳು. ಹೊಟ್ಟೆ ಹಿಡಿದುಕೊಳ್ಳದೆ, ನಗುತ್ತ ನೀರಿನಿಂದ ಮೇಲೆ ಬಂದಳು. ನನಗೆ ಅದೇ ಚಿನ್ನ. ಮೊದಲು ಅಜ್ಜಿಯ ಕೈ ಮುಟ್ಟಿ, ಆಮೇಲೆ ಓಡಿ ಬಂದು ಒದ್ದೆ ಕೈಗಳಿಂದ ನನ್ನನ್ನು ತಬ್ಬಿ, ಬೆನ್ನ ಮೇಲೆ ಪಟಪಟನೆ ನಾಲ್ಕು ಸಲ ತಟ್ಟಿದಳು. ಎಂಥ ಪ್ರೀತಿ ಎಂದುಕೊಂಡೆ.

ಅಲ್ಲಿಂದಾಚೆ ನನಗೆ ಸಿಕ್ಕ ಗೌರವವನ್ನು ಹೇಳಲೇಬೇಕು. ಈಜುಕೊಳದ ಮೆಟ್ಟಿಲುಗಳಲ್ಲಿ ಅಪರಿಚಿತರು ನನ್ನನ್ನು ನೋಡಿ ಮುಗುಳ್ನಕ್ಕರು. ತೀರ್ಪುಗಾರರೊಬ್ಬರು ಹಿಂದಿನಿಂದ ಬಂದು, "ಒಳ್ಳೇದು ಸಾರ್, ಒಳ್ಳೇದು" ಎಂದು ಕೈ ಕುಲುಕಿದರು. ಇಬ್ಬರು ತಾಯಂದಿರು ನನ್ನ ಹಿಂದೆ ನಿಂತು ಏನೋ ಓದಿದಂತೆ ಮಾಡಿ ಬಾಯಿಗೆ ಕೈ ಹಚ್ಚಿಕೊಂಡರು. ಮೇಷ್ಟ್ರ ಕಳೆ ಹನ್ನೆರಡು ವರ್ಷವಾದರೂ ಮಾಸಿಲ್ಲವೆಂದು ನಾನು ಎದೆ ಸೆಟೆಸಿ, ಬೇಕೆಂದೇ ಎರಡು ಸುತ್ತು ಹೆಚ್ಚು ನಡೆದೆ.

ಮನೆಗೆ ಬಂದು ಅಂಗಿ ಕಳಚಿದಾಗ ಗೊತ್ತಾಯಿತು. ಬೆನ್ನಿನ ನಟ್ಟನಡುವೆ ನನ್ನದೇ ಚೀಟಿ, ಸೀಟಿನಡಿಗೆ ನಾನು ತಳ್ಳಿದ್ದು: ‘ಗೋಧಿ ಇಲ್ಲ. ಪರೀಕ್ಷಿಸಲಾಗಿದೆ.’ ಕೆಳಗೆ ನನ್ನದೇ ಸಹಿ. ಅದರ ಕೆಳಗೆ, ಪಾರ್ಸೆಲ್ ಕಿಟಕಿಯ ಆ ಪರಿಚಿತ ಓರೆ ಅಕ್ಷರದಲ್ಲಿ ಇನ್ನೊಂದು ಸಾಲು:

‘ಒಳಗೇನಿದೆ: ಏನೂ ಇಲ್ಲ.’

ಎರಡು ಸಲ ಓದಿದೆ. ಒಂದು ಕಾಗುಣಿತದ ತಪ್ಪೂ ಸಿಗಲಿಲ್ಲ. ಪೂರ್ಣ ಅಂಕ ಕೊಡದೆ ವಿಧಿಯಿರಲಿಲ್ಲ. ಕಿತ್ತು ಹಾಕೋಣವೆಂದು ಉಗುರಿನಿಂದ ಕೆರೆದೆ. ಸ್ಟೀಲ್ ಡಬ್ಬಿಯ ಮೇಲೆ ಒಂದು ದಿನವೂ ನಿಲ್ಲದ ಆ ಅಕ್ಕಿ ಹಿಟ್ಟಿನ ಅಂಟು ನನ್ನ ಅಂಗಿಯನ್ನು ಬಿಡಲೊಪ್ಪಲಿಲ್ಲ.